ಯಾವ ‘ಮಾಡುವ’?

ಮೂಡುಬಿದಿರೆಯಿಂದ ವೇಣೂರಿಗೆ ಹೋಗುವ ದಾರಿಯಲ್ಲಿ ಮುಂಡೇವುಗುಂಡಿ ಎಂಬ ಬಸ್ ಸ್ಟಾಪ್ ಇದೆ. ಮುಂಡೇವು ಎಂದರೆ ತೋಡಿನ, ಅಂದರೆ ಸಣ್ಣ ಹಳ್ಳದ, ಬದಿಯಲ್ಲಿ ಪೊದೆಯಾಗಿ ಬೆಳೆಯುವ, ಕೇದಗೆಯ ಜಾತಿಯ, ಉದ್ದ ಎಲೆಯ ಎರಡೂ ಅಂಚಿಗೆ ಮುಳ್ಳಿರುವ ಗಿಡ. ಗುಂಡಿ ಎಂದರೆ ಅದೇ ತೋಡಿನ ತಿರುವಿನಲ್ಲಿ, ಕಡು ಬೇಸಿಗೆಯಲ್ಲೂ ನೀರು ನಿಲ್ಲುವ ಆಳದ ಜಾಗ. ಹೆಸರಿನ ಮೊದಲ ಅರ್ಧ ಒಂದೇ ಒಂದು ಪೊದೆಯಾಗಿ ಉಳಿದಿತ್ತು. ಎರಡನೆಯ ಅರ್ಧವೂ ಹೋಗದಂತೆ ನೋಡಿಕೊಳ್ಳುವುದು ಸಾತ್ವಿಕಾಳ ಕೆಲಸವಾಗಿತ್ತು.

ಸಾತ್ವಿಕಾ ತುಮಕೂರಿನವಳು. ಉಜಿರೆಯಲ್ಲಿ, ಜೆರಾಕ್ಸ್ ಅಂಗಡಿಯೊಂದರ ಮಾಳಿಗೆಯಲ್ಲಿ ಕಚೇರಿ ಇಟ್ಟುಕೊಂಡಿರುವ ಸಣ್ಣ ಟ್ರಸ್ಟಿನಲ್ಲಿ ಕೆಲಸಕ್ಕೆ ಸೇರಿದ್ದಳು. ಒಂದು ತೋಡನ್ನು ಹಿಡಿದು, ಅದು ಗುಡ್ಡೆಯಲ್ಲಿ ಹುಟ್ಟುವಲ್ಲಿಂದ ಹೊಳೆ ಸೇರುವವರೆಗೆ ಎರಡೂ ಬದಿಯ ಜಾಗದವರನ್ನು ಮಾತಾಡಿಸುವುದು ಟ್ರಸ್ಟಿನ ಕ್ರಮ. ಗುಡ್ಡೆಯಲ್ಲಿ ಇಂಗುಗುಂಡಿ ತೋಡಿ, ದಂಡೆಯ ಪೊದೆ ಸವರಬೇಡಿ, ನೀರಿಗೆ ಸ್ವಲ್ಪ ಜಾಗ ಬಿಡಿ ಎಂದು ಒಪ್ಪಿಸಬೇಕು. ಜಾಗ ಅವರದ್ದು, ನೀರು ಎಲ್ಲರದ್ದು, ನಡುವೆ ಓಡಾಡುವ ಚಪ್ಪಲಿ ಸಾತ್ವಿಕಾಳದ್ದು.

ಮೊದಲ ಸುತ್ತಿನಲ್ಲೇ ಅವಳಿಗೆ ಈ ಊರು ತುಂಬ ಹಿಡಿಸಿತು. ಹೋದ ಮನೆಯಲ್ಲೆಲ್ಲ ಕುರ್ಚಿ ಹಾಕಿದರು, ಬೊಂಡ, ಅಂದರೆ ಎಳನೀರು, ಕೆತ್ತಿ ಕೊಟ್ಟರು, ಹೇಳಿದ್ದನ್ನೆಲ್ಲ ತಲೆಯಾಡಿಸಿ ಕೇಳಿದರು, ಕೊನೆಗೆ ಎಲ್ಲರೂ ‘ಮಾಡುವ’ ಎಂದರು. ಅವಳ ಊರಿನಲ್ಲಿ ರೈತನೊಬ್ಬ ‘ಮಾಡೋಣ’ ಎನ್ನಬೇಕಾದರೆ ಅದಕ್ಕೆ ಮುಂಚೆ ಮೂರು ತಲೆಮಾರಿನ ಸರ್ಕಾರಗಳನ್ನು ಬೈದಿರುತ್ತಾನೆ. ಇಲ್ಲಿಯ ಜನ ಎಷ್ಟು ಮುಂದುವರಿದಿದ್ದಾರೆ ಎಂದುಕೊಳ್ಳುತ್ತ ಅವಳು ಉಜಿರೆಗೆ ಬಂದು, ಇಡೀ ತೋಡು ಒಪ್ಪಿತೆಂದು ಶೋಧನ್‌ಗೆ ವರದಿ ಒಪ್ಪಿಸಿದಳು.

ಶೋಧನ್ ಟ್ರಸ್ಟಿನ ಮುಖ್ಯಸ್ಥ, ಬೆಳ್ತಂಗಡಿಯಲ್ಲೇ ಹುಟ್ಟಿ ಬೆಳೆದವನು. ಅವನು ಕೇಳಿದ್ದು ಒಂದೇ ಪ್ರಶ್ನೆ.

“ಯಾವ ಮಾಡುವ?”

ಅವಳಿಗೆ ಅರ್ಥವಾಗಲಿಲ್ಲ. ಶೋಧನ್ ಕನ್ನಡಕ ತೆಗೆದಿಟ್ಟು, ವ್ಯಾಕರಣದ ಮೇಷ್ಟ್ರಂತೆ ವಿವರಿಸಿದ. “ಗಿಡ್ಡಕ್ಕೆ ‘ಮಾಡುವ’ ಅಂದ್ರೆ ಇನ್ನೊಂದು ಸಲ ಬನ್ನಿ ಅಂತ. ‘ಮಾಡುವಾ’ ಅಂತ ಎಳೆದ್ರೆ ಮನೆಯಲ್ಲಿ ಕೇಳ್ಬೇಕು ಅಂತ. ‘ಮಾಡುವ, ಮಾಡುವ’ ಅಂತ ಎರಡು ಸಲ ಅಂದ್ರೆ ಮುಗೀತು. ಬೊಂಡ ಕುಡಿದು ಎದ್ದು ಬರುದು.”

“ಮತ್ತೆ ನಿಜವಾಗ್ಲೂ ಮಾಡೋವ್ರು ಏನಂತಾರೆ ಸಾರ್?”

“ಅವರು ಮೊದಲು ಆಗುದಿಲ್ಲ ಅಂತಾರೆ. ಮತ್ತೆ ನಿಮ್ಮ ಹತ್ರ ಜಗಳ ಮಾಡ್ತಾರೆ. ಅದು ಒಳ್ಳೆ ಲಕ್ಷಣ.”

ಎದುರು ಕೂತವರಿಗೆ ಇಲ್ಲ ಎನ್ನುವುದು ಈ ಸೀಮೆಯಲ್ಲಿ ಮರ್ಯಾದೆಯಲ್ಲ. ತುಳುವಿನಲ್ಲಾದರೆ ಹೇಗಾದರೂ ಹೇಳಿಬಿಡಬಹುದು. ಶಾಲೆಗೂ ಆಫೀಸಿಗೂ ಎಂದು ಎತ್ತಿಟ್ಟ ಕನ್ನಡದಲ್ಲಿ, ಅದೂ ಹೊರಗಿನಿಂದ ಬಂದ ಹೆಣ್ಣುಮಗಳಿಗೆ, ಹೇಗೆ ಹೇಳುವುದು? ಸಾತ್ವಿಕಾ ಎರಡನೆಯ ಸುತ್ತು ಹೊರಟಳು. ಈ ಸಲ ಕಿವಿ ಜೊತೆಗಿತ್ತು. ಒಬ್ಬರು ಆಗುದಿಲ್ಲ ಎಂದರೆ ಅವಳ ಮುಖ ಅರಳುತ್ತಿತ್ತು. ಅದನ್ನು ಕಂಡು ಕೆಲವರು ಹುಡುಗಿಗೆ ಬಿಸಿಲು ತಾಗಿರಬೇಕು ಎಂದು ಇನ್ನೊಂದು ಬೊಂಡ ಕೊಟ್ಟರು. ಹೀಗೆ ಎರಡು ಮಳೆಗಾಲ ಕಳೆಯುವುದರಲ್ಲಿ ಮೇಲಿನ ಜಾಗದವರೆಲ್ಲ ಒಬ್ಬೊಬ್ಬರಾಗಿ ಜಗಳ ಮುಗಿಸಿ ಕೆಲಸಕ್ಕೆ ಇಳಿದರು. ಗುಡ್ಡೆಯಲ್ಲಿ ನೀರು ಇಂಗತೊಡಗಿತು. ತಿರುವಿನ ಕಲ್ಲಿನ ಮೇಲೆ ಏಡಿಯ ಚಿಪ್ಪು ತುಂಬಿದ ಹಿಕ್ಕೆ ಸಿಕ್ಕಿ, ನೀರುನಾಯಿ ಬಂದಿದೆ ಎಂದು ಗೊತ್ತಾದ ದಿನ ಅವಳು ಆ ಹಿಕ್ಕೆಯ ಫೋಟೋವನ್ನು ಅಮ್ಮನಿಗೆ ಕಳಿಸಿ ಬೈಸಿಕೊಂಡಳು.

ಉಳಿದದ್ದು ತಿರುವು ಮಾತ್ರ. ಅಲ್ಲಿ ತೋಡಿನ ಈ ಬದಿಗೆ ಭೋಜ ಆಳ್ವರು, ಆ ಬದಿಗೆ ಅಬ್ದುಲ್ ನಾಸಿರ್.

ಆಳ್ವರು ಕೆಲವು ವರ್ಷಗಳ ಹಿಂದೆ ಜೆಸಿಬಿ ತರಿಸಿ ತಮ್ಮ ದಂಡೆಯ ಮುಂಡೇವನ್ನೆಲ್ಲ ಬುಡಸಮೇತ ಕೀಳಿಸಿದ್ದರು. ಹಾವಿನ ಭಯ ಎಂಬುದು ಹೊರಗೆ ಹೇಳಿದ ಕಾರಣ. ನೋಡಲು ಚೊಕ್ಕವಾಗಿರಬೇಕು ಎಂಬುದು ಒಳಗಿನದು. ಆ ಜಾಗದಲ್ಲಿ ಕರಿಕಲ್ಲಿನ ಗೋಡೆ ಎದ್ದಿತು. ಗೋಡೆಗೆ ಗ್ರಾನೈಟಿನ ಫಲಕ ಕೂರಿಸಿ ‘ಭೋಜ ಆಳ್ವ’ ಎಂದು ಕೆತ್ತಿಸಿದರು. ಅದು ನೀರಿನ ಕಡೆ ಮುಖ ಮಾಡಿದ್ದರಿಂದ ಇಡೀ ಊರಿನಲ್ಲಿ ಅದನ್ನು ಓದಲು ಸಾಧ್ಯವಿದ್ದದ್ದು ನಾಸಿರರಿಗೊಬ್ಬರಿಗೇ. ಮುಂದಿನ ಮಳೆಗಾಲದಲ್ಲಿ ನೀರು ಆಳ್ವರ ಗೋಡೆಗೆ ಬಡಿದು, ತಿರುಗಿ, ನಾಸಿರರ ದಂಡೆಯನ್ನು ತಿಂದಿತು. ಅದರ ಮುಂದಿನ ವರ್ಷ ಎರಡು ತೆಂಗಿನ ಮರ ಕೊಂಡೊಯ್ದಿತು. ಅಲ್ಲಿಗೆ ಮಾತು ನಿಂತಿತು. ಅದುವರೆಗೆ ‘ಭೋಜಣ್ಣ’ ಆಗಿದ್ದವರು ನಾಸಿರರ ಬಾಯಲ್ಲಿ ‘ಆಳ್ವರು’ ಆದರು. ಆಳ್ವರ ಬಾಯಲ್ಲಿ ನಾಸಿರ್ ‘ಎದುರಿನವರು’ ಆದರು.

ನಾಸಿರ್ ಗಲ್ಫಿನ ಜುಬೈಲಿನಲ್ಲಿ ಪೈಪ್ ಕಂಪೆನಿಯಲ್ಲಿದ್ದು ಬಂದವರು, ಈಗ ಮೂಡುಬಿದಿರೆಯಲ್ಲಿ ಹಾರ್ಡ್‌ವೇರ್ ಅಂಗಡಿ. ಅವರೂ ಗೋಡೆ ಕಟ್ಟುವ ತೀರ್ಮಾನಕ್ಕೆ ಬಂದಿದ್ದರು, ಆಳ್ವರ ಗೋಡೆಗಿಂತ ಒಂದು ಮೊಳ ಎತ್ತರಕ್ಕೆ. ಹೆದ್ದಾರಿ ಕೆಲಸಕ್ಕೆಂದು ಬಂದು ಮಾಣಿ ಎಂಬ ಊರಿನಲ್ಲಿ ನಿಂತಿದ್ದ ಬಾಗಲಕೋಟೆಯ ಮೇಸ್ತ್ರಿಯೊಬ್ಬನಿಗೆ ಮಾತು ಕೊಟ್ಟಾಗಿತ್ತು. ಮಳೆ ಬಿಟ್ಟು ನೀರು ಇಳಿದ ಮೇಲೆ ಕಲ್ಲು ಬರುವುದಿತ್ತು.

ಎರಡೂ ಬದಿಗೆ ಗೋಡೆ ಎದ್ದರೆ ತೋಡು ಚರಂಡಿಯಾಗುತ್ತದೆ. ನೀರು ನಿಲ್ಲದೆ ಓಡುತ್ತದೆ, ಗುಂಡಿ ಹೂಳು ತುಂಬಿ ಹೋಗುತ್ತದೆ, ಗುಂಡಿಯನ್ನು ನಂಬಿದ ಸುತ್ತಲಿನ ಬಾವಿಗಳು ಬತ್ತುತ್ತವೆ, ಏಡಿ ತಿನ್ನುವ ಅತಿಥಿಗಳೂ ಹೋಗುತ್ತಾರೆ. ಮೇಲೆ ಎರಡು ಮಳೆಗಾಲ ಮಾಡಿದ ಕೆಲಸ ಕೊಡಕ್ಕೆ ನೀರು ತುಂಬಿ ಬುಡಕ್ಕೆ ತೂತು ಕೊರೆದಂತಾಗುತ್ತದೆ. ಆಳ್ವರ ಗೋಡೆಯ ಹಿಂದೆ ಬೇಸಾಯ ಬಿಟ್ಟು ಹಡಿಲು ಬಿದ್ದ ಗದ್ದೆಯಿತ್ತು. ಗೋಡೆಯನ್ನು, ನೀರು ಬರುವ ಕಡೆಯ ಮೇಲ್ತುದಿಯಲ್ಲಿ, ಸ್ವಲ್ಪ ಬಿಡಿಸಿದರೆ ನೆರೆನೀರು ಆ ಗದ್ದೆಗೆ ಹರಡಿ ನಿಧಾನಕ್ಕೆ ಇಂಗುತ್ತಿತ್ತು, ನಾಸಿರರ ದಂಡೆಗೆ ಪೆಟ್ಟು ಬೀಳುತ್ತಿರಲಿಲ್ಲ. ಆಮೇಲೆ ಎರಡೂ ಬದಿಗೆ ಮುಂಡೇವು ನೆಟ್ಟರೆ ಅದರ ಬೇರುಗಳೇ ಮಣ್ಣು ಹಿಡಿಯುತ್ತಿದ್ದವು. ನಕ್ಷೆಯಲ್ಲಿ ಇದು ಬಹಳ ಸುಲಭವಾಗಿ ಕಾಣುತ್ತಿತ್ತು.

ಕೃಷ್ಣಾಷ್ಟಮಿಗೆ ವಾರವಿರುವಾಗ ಸಾತ್ವಿಕಾ ಮೊದಲು ನಾಸಿರರಲ್ಲಿಗೆ ಹೋದಳು. ಅವರು ಎಲ್ಲ ಕೇಳಿ, ಮೊದಲು ಆ ಬದಿಯವರು ಬಿಡಿಸಲಿ ಎಂದರು. ಬಿಡಿಸಿದರೆ ನೀವು ಕಟ್ಟುವುದಿಲ್ಲವಲ್ಲ ಎಂದು ಅವಳು ಕೇಳಿದ್ದಕ್ಕೆ “ಮಾಡುವ, ಮಾಡುವ” ಎಂದರು. ಅವಳು ಚಹಾ ಮುಗಿಸಿ ಎದ್ದಳು.

ಹೊರಗೆ ದಂಡೆಯಲ್ಲಿ ನಾಸಿರರ ಉಮ್ಮ, ಪಾತುಮ್ಮ, ಕತ್ತಿ ಹಿಡಿದು ನಿಂತಿದ್ದರು. ಎದುರಿಗೆ ಊರಿನ ಕೊನೆಯ ಮುಂಡೇವಿನ ಪೊದೆ. ಅದನ್ನು ಕಡಿಯಲು ಅವರು ಮಗನಿಗೆ ಬಿಟ್ಟಿರಲಿಲ್ಲ. ತಾವು ಸಣ್ಣವರಿದ್ದಾಗ ತಮ್ಮ ತಾಯಿ ಅದೇ ಎಲೆಯಲ್ಲಿ ಚಾಪೆ ಹೆಣೆಯುತ್ತಿದ್ದರಂತೆ. ಎಲೆ ಯಾಕೆ ಕೊಯ್ಯುತ್ತಿದ್ದೀರಿ ಎಂದು ಸಾತ್ವಿಕಾ ಕೇಳಿದಳು. ಅಷ್ಟಮಿ ಬಂತಲ್ಲ, ಶಶಿಪ್ರಭಾಳಿಗೆ ಮೂಡೆಗೆ ಬೇಡವಾ ಎಂದರು ಪಾತುಮ್ಮ, ಇದೂ ಕೇಳುವ ವಿಷಯವಾ ಎಂಬಂತೆ. ಶಶಿಪ್ರಭಾ ಎಂದರೆ ಭೋಜ ಆಳ್ವರ ಹೆಂಡತಿ. ಮೂಡೆ ಎಂದರೆ ಮುಂಡೇವಿನ ಎಲೆಯನ್ನು ಬೆಂಕಿಗೆ ಬಾಡಿಸಿ, ಮುಳ್ಳು ತೆಗೆದು, ಕೊಳವೆಯಂತೆ ಸುತ್ತಿ, ಒಳಗೆ ಹಿಟ್ಟು ಹೊಯ್ದು ಬೇಯಿಸುವ ಇಡ್ಲಿ. ಅದಿಲ್ಲದೆ ಈ ಕಡೆ ಅಷ್ಟಮಿಯಿಲ್ಲ.

ಸಾತ್ವಿಕಾ ಅಲ್ಲಿಂದ ತೋಡಿನ ಕಾಲುಸಂಕ ದಾಟಿ ಆಳ್ವರಲ್ಲಿಗೆ ಬಂದಳು. ಆಳ್ವರು ಒಳ್ಳೆಯ ಲಹರಿಯಲ್ಲಿದ್ದರು. ಗೋಡೆಯ ವಿಷಯಕ್ಕೆ “ಮಾಡುವ, ಮಾಡುವ” ಎಂದು ಮುಗಿಸಿ ಮುಂಡೇವಿಗೆ ಬಂದರು. ಅದನ್ನು ಈಗ ಯಾರು ಬೆಳೆಸುತ್ತಾರೆ, ಹಾವಿನ ಸಂಸಾರ ಸಾಕಿದಂತೆ ಎಂದರು. ಬೇಕಾದರೆ ಮೂಡುಬಿದಿರೆ ಪೇಟೆಯಲ್ಲಿ ಸಿಗುತ್ತದೆ.

“ಮೂಡೆ ತಿನ್ನಬೇಕಾದ್ರೆ ನಮ್ಮಲ್ಲಿ ತಿನ್ನಬೇಕು. ಶಶಿ ಪೇಟೆಯಿಂದ ತರುದು, ಎಂಥ ಎಲೆ ಗೊತ್ತುಂಟಾ? ಆ ಪರಿಮಳ ತೋಡಿನ ಬದಿಯದ್ದಕ್ಕೆ ಎಲ್ಲಿಂದ ಬರಬೇಕು?”

ಚಹಾ ತಂದಿದ್ದ ಶಶಿಪ್ರಭಾ ತಟ್ಟೆಯನ್ನು ಮೇಜಿನ ಮೇಲಿಡುವುದನ್ನು ಮರೆತು ನಿಂತರು. ಇದು ಗುಟ್ಟು ಎಂದು ಸಾತ್ವಿಕಾಳಿಗೆ ಯಾರೂ ಹೇಳಿರಲಿಲ್ಲ. ಎಲೆ ಕೊಟ್ಟು ತೆಗೆದುಕೊಳ್ಳುವುದರಲ್ಲಿ ಗುಟ್ಟೇನಿರುತ್ತದೆ? ಅದಲ್ಲದೆ, ಮಾಹಿತಿ ತಪ್ಪಿದ್ದರೆ ವಿನಯದಿಂದ ತಿದ್ದಬೇಕು ಎಂದು ಅವಳಿಗೆ ತರಬೇತಿಯಲ್ಲಿ ಹೇಳಿಕೊಟ್ಟಿದ್ದರು.

“ಅದು ಪೇಟೇದಲ್ಲ ಸಾರ್,” ಎಂದಳು ವಿನಯದಿಂದ. “ಎದುರು ದಂಡೇದು. ಪಾತುಮ್ಮನವರು ಈಗ ಕೊಯ್ತಾ ಇದ್ರು.”

ಆಳ್ವರು ಹೆಂಡತಿಯ ಮುಖ ನೋಡಿದರು. ಗೋಡೆ ಎದ್ದ ವರ್ಷದಿಂದ ತಾವು ನೆಂಟರಿಗೂ ಇಷ್ಟರಿಗೂ ಹೊಗಳಿ ಹೊಗಳಿ ಬಡಿಸಿದ ಪರಿಮಳ ಎಲ್ಲಿಯದೆಂದು ಅವರು ಲೆಕ್ಕ ಹಾಕುತ್ತಿದ್ದುದು ಮುಖದ ಮೇಲೆ ಕಾಣುತ್ತಿತ್ತು. ಹೋದ ವರ್ಷ ಆ ಎಲೆಯ ಹಿರಿಮೆಯ ಬಗ್ಗೆ ಬಂಟ್ವಾಳದ ಬೀಗರ ಮುಂದೆ ಒಂದು ಸಣ್ಣ ಭಾಷಣವನ್ನೇ ಮಾಡಿದ್ದರು. ಕೊನೆಗೆ ಸಾತ್ವಿಕಾಳ ಕಡೆ ತಿರುಗಿದರು.

“ಗೋಡೆ ಬಿಡಿಸುದು ಆಗುದಿಲ್ಲ. ಆಗುದಿಲ್ಲ ಅಂದ್ರೆ ಆಗುದಿಲ್ಲ.”

ಶಶಿಪ್ರಭಾ ತಟ್ಟೆಯನ್ನು ಮೇಜಿನ ಮೇಲಿಟ್ಟು ಸಾತ್ವಿಕಾಳ ಪಕ್ಕದಲ್ಲೇ ಕುಳಿತರು. “ನಿನ್ನದು ತುಮಕೂರಲ್ವಾ ಮಗಾ? ಅಲ್ಲಿ ತಟ್ಟೆ ಇಡ್ಲಿ ಅಂತ ಮಾಡ್ತಾರಂತೆ. ಹಿಟ್ಟು ಹೇಗೆ ಕಡೆಯುದು, ಸ್ವಲ್ಪ ಹೇಳು. ಈ ಸಲ ಅಷ್ಟಮಿಗೆ ಅದೇ ಮಾಡುವ ಅಂತ.”

ಈ ‘ಮಾಡುವ’ ಗಿಡ್ಡದ್ದೂ ಅಲ್ಲ, ಎಳೆದದ್ದೂ ಅಲ್ಲ. ಶೋಧನ್‌ನ ವ್ಯಾಕರಣದಲ್ಲಿ ಹೆಂಗಸರ ‘ಮಾಡುವ’ದ ಪಾಠವೇ ಇರಲಿಲ್ಲ.

ಕೆಲಸ ಕೆಟ್ಟಿತು, ಗಂಡಹೆಂಡಿರ ನಡುವೆಯೂ ಬೆಂಕಿ ಇಟ್ಟೆ ಎಂದು ಸಾತ್ವಿಕಾ ಬಸ್ಸಿನಲ್ಲಿ ಉಜಿರೆಯವರೆಗೂ ಉಗುರು ಕಚ್ಚಿದಳು. ಶೋಧನ್ ಮಾತ್ರ ಎಲ್ಲ ಬಿಟ್ಟು, ಆಗುದಿಲ್ಲ ಅಂತ ಮುಖಕ್ಕೇ ಹೇಳಿದರಾ ಎಂದು ಮತ್ತೆ ಮತ್ತೆ ಕೇಳಿ ಖಚಿತ ಮಾಡಿಕೊಂಡ. ಆಮೇಲೆ ಕೆಳಗಿನ ಹೋಟೆಲಿನಿಂದ ಗೋಳಿಬಜೆ ತರಿಸಿದ.

ಅಷ್ಟಮಿಯ ದಿನ ಆಳ್ವರ ಮನೆಯಲ್ಲಿ ನಡೆದದ್ದನ್ನು ಆಮೇಲೆ ಶಶಿಪ್ರಭಾ ಅವರೇ ಹೇಳಿದರು. ಬಾಳೆ ಎಲೆಯ ಮೇಲೆ ಅಗಲವಾದ, ಬಿಳಿಯ, ಚಪ್ಪಟೆಯ ವಸ್ತುವೊಂದು ಬಂದು ಬಿತ್ತು. ಆಳ್ವರು ಅದನ್ನು ಬೆರಳಿನಿಂದ ಒತ್ತಿ ನೋಡಿದರು. ಇದೆಂಥದು ಎಂದು ಕೇಳಲಿಲ್ಲ, ಕೇಳುವ ಧೈರ್ಯವಿರಲಿಲ್ಲ. ಎರಡನೆಯದನ್ನು ಹಾಕಿಸಿಕೊಳ್ಳಲೂ ಇಲ್ಲ. ಅಡುಗೆಮನೆಯ ಮೂಲೆಯಲ್ಲಿ ಪಾತುಮ್ಮ ಕಳಿಸಿದ ಎಲೆಯ ಕಟ್ಟು ಬಿಚ್ಚದೆ ಹಾಗೇ ಇತ್ತು. ಅದರ ಪರಿಮಳಕ್ಕೆ ಬಾಗಿಲಿರಲಿಲ್ಲ.

ಮಾರನೆಯ ದಿನ ಆಳ್ವರು ಸಾತ್ವಿಕಾಳಿಗೆ ಫೋನ್ ಮಾಡಿ, ತೋಡಿನ ಹತ್ತಿರ ಬರಬೇಕು, ಎದುರಿನವರಿಗೂ ಹೇಳಬೇಕು ಎಂದರು.

ತೋಡಿನಲ್ಲಿ ಕೆನ್ನೀರು ತುಂಬಿ ಹರಿಯುತ್ತಿತ್ತು. ಆಳ್ವರು ತಮ್ಮ ಗೋಡೆಯ ಮೇಲೆ, ನಾಸಿರ್ ತಮ್ಮ ಕುಸಿದ ದಂಡೆಯ ಮೇಲೆ, ಸಾತ್ವಿಕಾ ನಡುವಿನ ಸಂಕದ ಮೇಲೆ. ಇಬ್ಬರೂ ಹುಟ್ಟಿದಾಗಿನಿಂದ ತುಳುವಿನಲ್ಲಿ ಮಾತಾಡಿಕೊಂಡವರು. ಆದರೆ ಮಾತು ಬಿಟ್ಟವರು ನೇರ ಮಾತಾಡುವ ಹಾಗಿಲ್ಲ. ನಡುವೆ ನಿಂತವಳಿಗೆ ತುಳು ಬರುವುದಿಲ್ಲ. ಹಾಗಾಗಿ ಜಗಳ ಕನ್ನಡದಲ್ಲಿ ನಡೆಯಬೇಕಾಯಿತು, ಅದೂ ಏಳನೇ ಕ್ಲಾಸಿನ ಪಠ್ಯಪುಸ್ತಕದ ಕನ್ನಡದಲ್ಲಿ.

“ನನ್ನ ಗೋಡೆಯಿಂದ ತೊಂದರೆಯಾಗಿದ್ದಲ್ಲಿ ಲಿಖಿತವಾಗಿ ತಿಳಿಸಬಹುದಿತ್ತು ಅಂತ ಅವರಿಗೆ ಹೇಳಿ,” ಎಂದರು ಆಳ್ವರು.

ಸಾತ್ವಿಕಾ ಬಾಯಿ ತೆರೆಯುವ ಮೊದಲೇ ಆ ಕಡೆಯಿಂದ ಉತ್ತರ ಬಂತು. “ಅವರು ಬರೆಸಿ ಇಟ್ಟದ್ದನ್ನು ನಾನು ದಿನಾ ಓದ್ತಾ ಇದ್ದೇನೆ. ಉತ್ತರ ಬರೆಯಲು ನನ್ನ ಬದಿಯಲ್ಲಿ ಜಾಗ ಉಳಿದಿಲ್ಲ, ತೋಡಿಗೆ ಹೋಗಿದೆ ಅಂತ ತಿಳಿಸಿ.”

ತೆಂಗಿನ ಮರದ ವಿಷಯ ಬಂತು, ಅದಕ್ಕೆ ‘ವಿಷಾದ’ ಎಂಬ ಪದವೂ ಬಂತು. ಸಾತ್ವಿಕಾ ಟೆನ್ನಿಸ್ ನೋಡುವವಳಂತೆ ಅತ್ತ ಇತ್ತ ತಲೆ ತಿರುಗಿಸುತ್ತಿದ್ದಳು. ಆಳ್ವರು ಗಂಟಲು ಸರಿ ಮಾಡಿಕೊಂಡರು.

“ಆ ಮುಂಡೇವಿನ ಎಲೆ ಎಷ್ಟು ವರ್ಷದಿಂದ ಬರ್ತಾ ಉಂಟು ಅಂತ ಕೇಳಿ.”

“ಯಾವ ಎಲೆ?” ಎಂದರು ನಾಸಿರ್, ನೇರವಾಗಿ. ಅವರಿಗೂ ಗೊತ್ತಿರಲಿಲ್ಲ.

ಇಬ್ಬರೂ ಒಟ್ಟಿಗೆ ಪಾತುಮ್ಮನ ಕಡೆ ತಿರುಗಿದರು. ಪಾತುಮ್ಮ ಪೊದೆಯ ಹತ್ತಿರ ಕಲ್ಲಿನ ಮೇಲೆ ಕೂತು ಎಲೆಅಡಿಕೆ ಜಗಿಯುತ್ತಿದ್ದರು. ಸಾತ್ವಿಕಾಳಿಗೂ ತಿಳಿಯಲಿ ಎಂದು ಅವರು ತಮಗೆ ಬರುವಷ್ಟು ಕನ್ನಡದಲ್ಲೇ ಹೇಳಿದರು. “ನೀವು ಮಾತು ಬಿಟ್ರಿ ಅಂತ ಅವಳು ಮೂಡೆ ಗ್ಲಾಸಿನಲ್ಲಿ ಬೇಯಿಸುದಾ?”

ಸ್ಟೀಲ್ ಗ್ಲಾಸಿನಲ್ಲಿ ಬೇಯಿಸಿದ್ದನ್ನು ಮೂಡೆ ಎಂದು ಕರೆಯುವವರು ಈಗ ಪೇಟೆಯಲ್ಲಿ ಇದ್ದಾರೆ. ಅಂಥವರ ಬಗ್ಗೆ ಆಳ್ವರಿಗೂ ನಾಸಿರರಿಗೂ ಒಂದೇ ಅಭಿಪ್ರಾಯವಿತ್ತೆಂದು ತೋರುತ್ತದೆ. ನಾಸಿರರಿಗೆ ನಗು ತಡೆಯಲಾಗಲಿಲ್ಲ. ಆಳ್ವರು ತಟ್ಟೆ ಇಡ್ಲಿಯ ಕಥೆ ಹೇಳತೊಡಗಿದರು, ಹೇಳುತ್ತ ಹೇಳುತ್ತ ಕನ್ನಡ ಕೈಬಿಟ್ಟಿತು. ಅಲ್ಲಿಂದ ಮುಂದೆ ಎಲ್ಲ ತುಳು. ಕೈಗಳು ಗೋಡೆಯ ಮೇಲ್ತುದಿಯನ್ನು, ಹಡಿಲು ಗದ್ದೆಯನ್ನು, ಫಲಕವನ್ನು ತೋರಿಸಿದವು. ದನಿ ಏರಿತು, ಇಳಿಯಿತು. ಒಮ್ಮೆ ಇಬ್ಬರೂ ತನ್ನನ್ನು ನೋಡಿ ನಕ್ಕಂತೆ ಸಾತ್ವಿಕಾಳಿಗೆ ಅನಿಸಿತು. ಅವಳಿಗೆ ಸಿಕ್ಕಿದ್ದು ಎರಡೇ ಪದ: ನಾಸಿರರ ಬಾಯಲ್ಲಿ ‘ಭೋಜಣ್ಣ’, ಆಳ್ವರ ಬಾಯಲ್ಲಿ ಕೊನೆಗೆ ‘ಮಲ್ಪುಗ’.

ಬಸ್ ಸ್ಟಾಪಿನಿಂದ ಅವಳು ಶೋಧನ್‌ಗೆ ಫೋನ್ ಮಾಡಿದಳು. ಮಲ್ಪುಗ ಎಂದರೆ ಮಾಡುವ ಎಂದೇ ಅರ್ಥ ಎಂದು ತಿಳಿದು ಅವಳು ಬಂದ ಬಸ್ಸಿಗೆ ಕೈ ಮಾಡುವುದನ್ನೂ ಮರೆತಳು.

“ಎಷ್ಟು ಸಲ ಅಂದ್ರು?” ಎಂದು ಶೋಧನ್ ಕೇಳಿದ.

“ಒಂದೇ ಸಲ.”

“ಜಗಳ ಆದ ಮೇಲೆ, ತುಳುವಿನಲ್ಲಿ, ಒಂದೇ ಸಲ. ಜೆಸಿಬಿಯವನಿಗೆ ಹೇಳಿ ಇಡಿ.”

ದೀಪಾವಳಿ ಕಳೆದು ನೀರು ಇಳಿದ ಮೇಲೆ ಆಳ್ವರು ನಿಂತು ಗೋಡೆಯ ಮೇಲ್ತುದಿ ಬಿಡಿಸಿದರು. ಫಲಕವನ್ನು ಮುಟ್ಟಕೂಡದೆಂದು ಕರಾರಿತ್ತು; ಅದನ್ನು ಓದುವವರು ನಾನೊಬ್ಬನೇ, ನನಗೆ ಅಭ್ಯಾಸವಾಗಿದೆ, ಇರಲಿ ಎಂದು ನಾಸಿರರೂ ಶಿಫಾರಸು ಮಾಡಿದ್ದರು. ಪಾತುಮ್ಮನ ಪೊದೆಯಿಂದ ಮರಿಗಳನ್ನು ಬಿಡಿಸಿ ಎರಡೂ ದಂಡೆಗೆ ನೆಡುವ ದಿನ ಗೊತ್ತಾಯಿತು. ಸಾತ್ವಿಕಾಳ ಮನಸ್ಸಿನಲ್ಲಿ ಒಂದೇ ಮುಳ್ಳು. ಆಳ್ವರು ತಮ್ಮ ಮಾತು ನಡೆಸಿದರು. ನಾಸಿರ್ ಗೋಡೆ ಕಟ್ಟುವುದಿಲ್ಲ ಎಂದು ಬಾಯಿಬಿಟ್ಟು ಎಲ್ಲೂ ಹೇಳಿರಲಿಲ್ಲ. ಕೇಳಿದರೆ ಆಕಾಶ ನೋಡುತ್ತಿದ್ದರು.

ನೆಡುವ ದಿನ ಎಲ್ಲರೂ ಕೆಸರಿನಲ್ಲಿ ಇದ್ದಾಗಲೇ ದಂಡೆಯ ಮೇಲೆ ಬೈಕೊಂದು ಬಂದು ನಿಂತಿತು. ಇಳಿದವನು ಬಾಗಲಕೋಟೆಯ ಮೇಸ್ತ್ರಿ. ಕೈಯಲ್ಲಿ ಅಳತೆಯ ಟೇಪು. ಕಲ್ಲಿನ ಲಾರಿಗೆ ಹೇಳಿಬಿಡಲೇ ಎಂದು ಕೇಳಲು ಬಂದಿದ್ದ. ಸಾತ್ವಿಕಾಳ ಕೈಯಲ್ಲಿದ್ದ ಮುಂಡೇವಿನ ಮರಿ ಅಲ್ಲೇ ನಿಂತಿತು. ಮುಳ್ಳು ಚುಚ್ಚಿದ್ದು ಅವಳಿಗೆ ಗೊತ್ತಾಗಲಿಲ್ಲ. ಮೇಸ್ತ್ರಿ ಅವಳ ಪಕ್ಕದಲ್ಲೇ, ಈಗ ತಾನೇ ನೆಟ್ಟ ಸಾಲಿನ ಮೇಲೆ, ಟೇಪು ಎಳೆಯತೊಡಗಿದ್ದ.

ನಾಸಿರ್ ಬೆನ್ನು ನೆಟ್ಟಗೆ ಮಾಡಿ, ಕೈಯ ಕೆಸರನ್ನು ಲುಂಗಿಗೆ ಒರೆಸಿಕೊಂಡು, ಅವನ ಮುಖ ನೋಡಿ ತುಂಬ ಮರ್ಯಾದೆಯಿಂದ ನಕ್ಕರು.

“ಮಾಡುವ,” ಎಂದರು. “ಮಾಡುವ.” ಆಮೇಲೆ, ಮೇಸ್ತ್ರಿಗೆ ಒಂದು ಬೊಂಡ ಕೊಡಿ ಎಂದು ಮನೆಯ ಕಡೆ ಕೂಗಿ ಹೇಳಿದರು.

ಎದುರು ದಂಡೆಯಲ್ಲಿ ಆಳ್ವರು ಏನೂ ಕೇಳದವರಂತೆ ಕೆಸರಿಗೆ ಬಗ್ಗಿದರು. ಅವರ ಹೆಗಲು ಅಲುಗುತ್ತಿತ್ತು. ಸಾತ್ವಿಕಾ ಮರಿಯನ್ನು ನೆಲದಲ್ಲಿಟ್ಟು, ಸುತ್ತ ಮಣ್ಣು ಒತ್ತಿ, ಆಮೇಲೆ ಬೆರಳಿನ ಮುಳ್ಳು ತೆಗೆದುಕೊಂಡಳು.

ಸಂಜೆ ಬಸ್ಸಿಗೆ ಕಾಯುವಾಗ ಮೇಸ್ತ್ರಿ ಬೈಕು ನಿಲ್ಲಿಸಿ ಮಾತಾಡಿಸಿದ. ಬೊಂಡ ಕುಡಿದ ಖುಷಿ ಮುಖದಲ್ಲಿತ್ತು. “ಈ ಕಡೆ ಮಂದಿ ಭಾಳ ಚಲೋ ಬಿಡ್ರಿ ಮೇಡಮ್ಮರ. ಕೆಲಸ ಪಕ್ಕಾ ಆತು. ಸಾಹುಕಾರ್ರು ಎರಡೆರಡು ಸಲ ಹೇಳ್ಯಾರ.”

ಸಾತ್ವಿಕಾಳಿಗೆ ತನ್ನ ಮೊದಲ ವರದಿ ನೆನಪಾಯಿತು.

“ಮಾಣೀಲಿ ಹೆದ್ದಾರಿ ಕೆಲಸ ಇನ್ನೂ ಇದೆಯಾ ಮೇಸ್ತ್ರಿ?”

“ಐತ್ರಿ.”

“ಅದನ್ನ ಬಿಡಬೇಡಿ,” ಎಂದಳು.